ಬೀಗರ ಸಿಂಹಮೀನಿನ ಊಟ

ನನ್ನ ಸೊಸೆಯ ತಂದೆ ತೀರಿಕೊಂಡ ಮೇಲೆ ಮುಂಬಯಿ ಪಕ್ಕದ ಡೊಂಬಿವಲಿಯ ಅವರ ಬಾಡಿಗೆ ಮನೆಯನ್ನು ಖಾಲಿ ಮಾಡಬೇಕಾಯಿತು. ಬೀಗಿತ್ತಿ ಕಲ್ಯಾಣದಲ್ಲಿರುವ ಹಿರಿಯ ಮಗಳ ಮನೆಗೆ ಹೋದರು. ಕಪಾಟು, ಮಂಚ, ಹೊಲಿಗೆ ಯಂತ್ರ, ಮಿಕ್ಸರು ಎಲ್ಲವೂ ಯಾರ ಯಾರದೋ ಪಾಲಾದವು. ಯಾರಿಗೂ ಬೇಡವಾಗಿ ಉಳಿದದ್ದು ಉಪ್ಪುನೀರಿನ ಗಾಜಿನ ತೊಟ್ಟಿ ಮತ್ತು ಅದರೊಳಗಿದ್ದ ಎರಡು ಮೀನು.

ಬೀಗರು ಮಲ್ಪೆ ಕಡೆಯವರು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಅವರ ಮನೆಗೆ ಹೋದಾಗಲೆಲ್ಲ ಕೂತುಕೊಳ್ಳಿ ಎನ್ನುವ ಮೊದಲೇ ಆ ತೊಟ್ಟಿಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಅದರಲ್ಲಿ ಅಂಗೈಯಗಲದ ಒಂದು ಹಳದಿ ಮೀನಿತ್ತು. ಇನ್ನೊಂದು ಸಿಂಹಮೀನು. ಕೆಂಪು ಬಿಳಿ ಪಟ್ಟೆ, ಮೈತುಂಬ ಗರಿಯಂತೆ ಹರಡಿದ ರೆಕ್ಕೆ, ಬೆನ್ನ ಮೇಲೆ ವಿಷದ ಮುಳ್ಳು. "ಕೈ ಮಾತ್ರ ಹಾಕ್ಬೇಡಿ ಬೀಗರೆ" ಎಂದು ಪ್ರತಿ ಸಲವೂ ಎಚ್ಚರಿಸುತ್ತಿದ್ದರು. ನನಗೆ ಅದರೊಳಗೆ ಕೈ ಹಾಕುವ ಯೋಚನೆ ಯಾವತ್ತೂ ಬಂದಿರಲಿಲ್ಲ. ಉಡುಪಿ ಕಡೆಯ ಸಸ್ಯಾಹಾರಿ ಮನೆತನದವನು ನಾನು. ಅಂಬರನಾಥದಲ್ಲಿ ಎಷ್ಟೋ ವರ್ಷ ಇಡ್ಲಿ ದೋಸೆಯ ಹೊಟೇಲು ನಡೆಸಿದವನು. ಮಗ ಪ್ರೀತಿಸಿ ಮದುವೆಯಾದದ್ದರಿಂದ ಮೀನು ತಿನ್ನುವವರ ಜೊತೆ ನೆಂಟಸ್ತಿಕೆ ಬೆಳೆಯಿತು. ಮೀನಿನ ಜೊತೆ ಮಾತ್ರ ಬೆಳೆದಿರಲಿಲ್ಲ.

ಹೆಂಡತಿ ಹೋದ ಮೇಲೆ ಹೊಟೇಲು ಬೇರೆಯವರಿಗೆ ಬಿಟ್ಟುಕೊಟ್ಟು ನಾನು ಸಾನಪಾಡಾದಲ್ಲಿ ಮಗ ಸೊಸೆಯ ಜೊತೆ ಇದ್ದೆ. ಆ ತೊಟ್ಟಿಯನ್ನು ನಮ್ಮ ಮನೆಗೆ ತರಬಹುದೇ ಎಂದು ಸೊಸೆ ನೇರವಾಗಿ ಕೇಳಲಿಲ್ಲ. ಊಟಕ್ಕೆ ಬಡಿಸುತ್ತಾ, "ಮಾವ, ಪಪ್ಪಾನ ಫಿಶ್‌ಟ್ಯಾಂಕ್ ತೆಗೊಳ್ಳಿಕ್ಕೆ ಒಬ್ಬ ದುಕಾನ್‌ವಾಲಾ ಬರ್ತಾನಂತೆ ನಾಳೆ" ಎಂದಳು. ಅವಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅವಳ ತುಳುವಿನಲ್ಲಿ, ಕನ್ನಡದಲ್ಲಿ ಅರ್ಧ ಹಿಂದಿ ಇರುತ್ತದೆ. ಆದರೆ ಆ ಮಾತಿನ ಹಿಂದೆ ಏನಿತ್ತು ಎಂಬುದು ಯಾವ ಭಾಷೆಯವನಿಗಾದರೂ ತಿಳಿಯುವಂತಿತ್ತು.

"ದುಕಾನ್‌ವಾಲಾ ಯಾಕೆ?" ಎಂದೆ. "ನಮ್ಮ ಹಾಲ್‌ನಲ್ಲಿ ಟಿವಿ ಪಕ್ಕ ಜಾಗ ಉಂಟಲ್ಲ."

ಟೆಂಪೋದಲ್ಲಿ ತೊಟ್ಟಿ ಬಂತು. ಹಳೆಯ ನೀರು ಕ್ಯಾನುಗಳಲ್ಲಿ ಬಂತು. ಮೀನುಗಳು ಮುಚ್ಚಳವಿದ್ದ ಬಕೆಟ್‌ಗಳಲ್ಲಿ ಬಂದವು. ಜೊತೆಗೆ ಮುಚ್ಚಳವಿಲ್ಲದ ಒಂದು ಸಣ್ಣ ಗಾಜಿನ ಪೆಟ್ಟಿಗೆಯೂ ಬಂದಿತ್ತು. ಅದು ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಸೊಸೆ ಅದಕ್ಕೆ ನೀರು ತುಂಬಿಸಿ ಬಾಲ್ಕನಿಯಲ್ಲಿ ಮನಿಪ್ಲಾಂಟ್ ಇಟ್ಟಳು.

ಹಳದಿ ಮೀನು ಎರಡನೆಯ ದಿನಕ್ಕೇ ನಾವು ಹಾಕಿದ ಒಣ ಪಾಚಿಯ ಹಾಳೆ ಕಚ್ಚತೊಡಗಿತು. ಸಿಂಹಮೀನು ಮಾತ್ರ ಕಲ್ಲಿನ ಹಿಂದೆ ತಲೆ ಕೆಳಗಾಗಿ ನಿಂತುಬಿಟ್ಟಿತು. ಕಾಳಿನಂತಹ ಆಹಾರ ಹಾಕಿದರೆ ಅದರ ಮೂತಿಯ ಮುಂದೆಯೇ ಇಳಿದು ಮರಳು ಸೇರುತ್ತಿತ್ತು. ಅಂಗಡಿಯಿಂದ ತಂದ ಮಂಜುಗಡ್ಡೆಯಲ್ಲಿಟ್ಟ ಸಿಗಡಿಗೂ ಅದೇ ಗತಿ. ದಿನ ಕಳೆದಂತೆ ಅದರ ಹೊಟ್ಟೆ ಒಳಕ್ಕೆ ಹೋಯಿತು. ಸೊಸೆ ಆಫೀಸಿನಿಂದ ಬಂದು ಚೀಲವನ್ನೂ ಇಳಿಸದೆ ತೊಟ್ಟಿಯ ಮುಂದೆ ಕೂರುತ್ತಿದ್ದಳು.

"ಪಪ್ಪಾ ಜೀವ ಇರುವ ಸಿಗಡಿ ಹಾಕ್ತಿದ್ರು ಮಾವ," ಎಂದಳು ಒಂದು ಸಂಜೆ. "ಓಡಾಡುವುದು ಕಂಡರೆ ಮಾತ್ರ ತಿಂತದೆ ಇದು." ಸ್ವಲ್ಪ ತಡೆದು, "ಮನೆಗೆ ತರಬಹುದಾ?" ಎಂದು ಕೇಳಿದಳು.

ನಮ್ಮ ದೇವರ ಗೂಡಿಗೂ ಆ ತೊಟ್ಟಿಗೂ ನಡುವೆ ಒಂದು ಗೋಡೆ ಮಾತ್ರ. ನಾನು ಗೂಡಿನ ಕಡೆಗೂ ನೋಡಿದೆ, ಮೀನಿನ ಕಡೆಗೂ ನೋಡಿದೆ. "ಅದು ಉಪವಾಸ ಸಾಯುವುದನ್ನು ನೋಡ್ಲಿಕ್ಕೆ ಆಗುವುದಿಲ್ಲ. ತನ್ನಿ" ಎಂದೆ.

ಮರುದಿನ ಮಗ ಕೆಲಸ ಮುಗಿಸಿ ಡೊಂಬಿವಲಿಯಲ್ಲಿ ಇಳಿದ. ಖಾಡಿ, ಅಂದರೆ ಸಮುದ್ರದ ಹಿನ್ನೀರಿನ ಕಡೆ ವಿಚಾರಿಸಿ, ಪ್ಲಾಸ್ಟಿಕ್ ಚೀಲದ ತುಂಬ ಕಲಕು ನೀರಿನಲ್ಲಿ ಸಣ್ಣ ಸಿಗಡಿ, ಜೊತೆಗೆ ಬೆರಳುದ್ದದ ಮೀನುಮರಿಗಳನ್ನು ತಂದ. ಹೆಂಡತಿಯನ್ನು ಖುಷಿಪಡಿಸುವ ಆತುರ ಅವನಿಗೆ. ಚಪ್ಪಲಿ ಕಳಚಿದವನೇ ಚೀಲವನ್ನು ನೀರು ಸಮೇತ ತೊಟ್ಟಿಗೆ ಸುರಿದ. ಸಿಂಹಮೀನು ಮೈಯ ರೆಕ್ಕೆಗಳನ್ನೆಲ್ಲ ಬಿಡಿಸಿ ಕಲ್ಲಿನ ಹಿಂದಿನಿಂದ ಹೊರಬಂತು. ಒಂದು ಸಿಗಡಿಯನ್ನು ಮೂಲೆಗೆ ಒತ್ತಿ, ಬಾಯಿ ತೆರೆದದ್ದೇ ಕಾಣದಂತೆ ಒಳಗೆ ಎಳೆದುಕೊಂಡಿತು. ಸೊಸೆ ಚಪ್ಪಾಳೆ ತಟ್ಟಿದಳು. ಅವಳ ತಂದೆ ಹೋದ ಮೇಲೆ ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡದ್ದು ಅದೇ ಮೊದಲು.

ಆ ಖುಷಿ ಒಂದು ವಾರವೂ ಉಳಿಯಲಿಲ್ಲ. ಹಳದಿ ಮೀನು ಕಲ್ಲಿಗೆ ಮೈ ಉಜ್ಜತೊಡಗಿತು. ಆಮೇಲೆ ಅದರ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳೆದ್ದವು. ಕಿವಿರು ಬೇಗ ಬೇಗ ಬಡಿಯತೊಡಗಿತು. ಒಂದು ಭಾನುವಾರ ಬೆಳಿಗ್ಗೆ ನಾನು ಎದ್ದು ಬಂದಾಗ ಸಿಂಹಮೀನು ಚೆನ್ನಾಗಿತ್ತು, ಹಳದಿ ಮೀನು ಮಾತ್ರ ಸತ್ತು ಪಂಪಿನ ಜಾಲರಿಗೆ ಅಂಟಿಕೊಂಡಿತ್ತು. ಸೊಸೆ ಅದನ್ನು ಬಲೆಯಿಂದ ಎತ್ತಿದಳು, ಒಂದು ಹಳೆಯ ಕರವಸ್ತ್ರದಲ್ಲಿ ಸುತ್ತಿದಳು, ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದಳು. ತಂದೆಯ ಕ್ರಿಯೆಯ ದಿನಗಳಲ್ಲಿ ಬಂದವರಿಗೆಲ್ಲ ಚಹಾ ಕೊಟ್ಟು, ತಾಯಿಯನ್ನು ಸಮಾಧಾನ ಮಾಡಿ, ಮನೆ ಖಾಲಿ ಮಾಡಿಸಿ, ಎಲ್ಲೂ ಕಣ್ಣು ಒದ್ದೆ ಮಾಡದೆ ಓಡಾಡಿದ ಹುಡುಗಿ. ಮಗ ಅವಳ ಹಿಂದೆ ನಿಂತು, "ನಾನೇ ತಂದದ್ದು, ನನ್ನಿಂದಲೇ ಆದದ್ದು" ಎನ್ನುತ್ತಿದ್ದ. ನಾನು ಅವನನ್ನು ಒಳಗೆ ಕಳಿಸಿ ಅವಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವಳು ಅಳುವಷ್ಟು ಅತ್ತಳು. ಅವಳು ಅತ್ತದ್ದು ಬರೀ ಮೀನಿಗಾಗಿ ಅಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಸಂಜೆ ವಾಶಿಯ ಒಂದು ಅಕ್ವೇರಿಯಂ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವ ನಡುವಯಸ್ಸಿನ ಗೃಹಸ್ಥ. ಕತೆಯನ್ನೆಲ್ಲ ಕೇಳಿ ಹಿಂದಿಯಲ್ಲಿ ಸಮಾಧಾನವಾಗಿ ವಿವರಿಸಿದ. ಹೊರಗಿನಿಂದ ಹಿಡಿದ ಜೀವಂತ ಆಹಾರದ ಜೊತೆ ರೋಗವೂ ಬರುತ್ತದೆ. ಮೀನುಮರಿಯನ್ನಂತೂ ಕೊಡಲೇಬಾರದು, ಮೀನಿನ ರೋಗ ಮೀನಿಗೆ ಬೇಗ ಹತ್ತುತ್ತದೆ. ಸಿಗಡಿಯಲ್ಲಿ ಆ ಭಯ ಕಡಿಮೆ, ಆದರೆ ಅದು ಬಂದ ನೀರನ್ನು ಒಂದು ಹನಿಯೂ ತೊಟ್ಟಿಗೆ ಹಾಕಬಾರದು. ಸಿಗಡಿಯನ್ನು ಬೇರೆ ಪೆಟ್ಟಿಗೆಯಲ್ಲಿ, ನಾವೇ ಕಲಸಿದ ಉಪ್ಪುನೀರಿನಲ್ಲಿ ಕೆಲವು ದಿನ ಇಟ್ಟು ನೋಡಬೇಕು. ಸಾಯುವಂಥವು ಅಲ್ಲೇ ಸಾಯುತ್ತವೆ. ಉಳಿದವುಗಳಿಗೆ ಒಳ್ಳೆಯ ತಿಂಡಿ ಹಾಕಬೇಕು. "ಅವುಗಳ ಹೊಟ್ಟೆಯಲ್ಲಿ ಇರುವುದೇ ನಿಮ್ಮ ಮೀನಿನ ಹೊಟ್ಟೆಗೆ ಹೋಗುವುದು" ಎಂದ.

"ಬೇರೆ ಪೆಟ್ಟಿಗೆ..." ಎಂದು ಸೊಸೆ ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಮನೆಗೆ ಬಂದು ಮನಿಪ್ಲಾಂಟನ್ನು ಬಾಟಲಿಗೆ ಬದಲಾಯಿಸಿದೆವು.

ಈ ಕೆಲಸವನ್ನು ನಾನು ವಹಿಸಿಕೊಂಡೆ. ಸೊಸೆಯ ಆಫೀಸು ಠಾಣೆಯಲ್ಲಿ. ಅವಳು ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ. ಮಗನೋ, ಆ ಭಾನುವಾರದ ನಂತರ ತೊಟ್ಟಿಯ ಹತ್ತಿರವೇ ಸುಳಿಯುತ್ತಿರಲಿಲ್ಲ. ಮನೆಯಲ್ಲಿ ಖಾಲಿ ಕೂತವನು ನಾನೊಬ್ಬನೇ. ಅಲ್ಲದೆ ಅಂಗಡಿಯವ ಹೇಳಿದ ಮಾತು ನನಗೆ ಹೊಸದಾಗಿರಲಿಲ್ಲ. ಹೊಟೇಲಿನಲ್ಲಿ ಮಾರ್ಕೆಟ್‌ನಿಂದ ಬಂದ ಕೊತ್ತಂಬರಿ ಸೊಪ್ಪು ನೇರವಾಗಿ ಅಡುಗೆಮನೆಗೆ ಹೋಗುವಂತಿರಲಿಲ್ಲ. ಹಿಂಬಾಗಿಲಿನ ಕಟ್ಟೆಯ ಮೇಲೆ ಬಿಚ್ಚಿ, ಕೊಳೆತದ್ದು ಆರಿಸಿ, ನೀರು ಬದಲಾಯಿಸಿ ಬದಲಾಯಿಸಿ ತೊಳೆದ ಮೇಲೆಯೇ ಒಳಗೆ. ಅಲ್ಲಿನ ಪಾತ್ರೆ ಇಲ್ಲಿಗೆ ಬರುವಂತಿಲ್ಲ, ಇಲ್ಲಿನ ಬಟ್ಟೆ ಅಲ್ಲಿಗೆ ಹೋಗುವಂತಿಲ್ಲ. ಇದೂ ಅದೇ ಶಿಸ್ತು. ನಮ್ಮ ಹೊಟೇಲಿನ ಹಿಂದೆ ಹರಿಯುತ್ತಿದ್ದ, ಕಾರ್ಖಾನೆಗಳ ಕೊಳಕು ನೀರಿನ ನಾಲೆ ಒಂದೊಂದು ದಿನ ಒಂದೊಂದು ಬಣ್ಣದಲ್ಲಿ ಇರುತ್ತಿದ್ದುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಆ ನೀರೆಲ್ಲ ಕೊನೆಗೆ ಹೋಗುವುದು ಖಾಡಿಗೇ. ಆದ್ದರಿಂದ ಸಿಗಡಿ ಎಲ್ಲಿಯದು ಎಂದು ತಿಳಿಯದೆ ತರಕೂಡದು ಎಂದು ನಿಶ್ಚಯಿಸಿಕೊಂಡೆ.

ಹಾರ್ಬರ್ ಲೈನಿನ ಗಾಡಿ ಹಿಡಿದು ಬೇಲಾಪುರಕ್ಕೆ ಹೋಗಿ, ಅಲ್ಲಿಂದ ರಿಕ್ಷಾದಲ್ಲಿ ಕೋಳಿವಾಡಕ್ಕೆ ಹೋದೆ. ಇಲ್ಲಿ ಕೋಳಿ ಎಂದರೆ ಮೀನುಗಾರರು. ಮುಂಬಯಿಗೆ ಬಂದ ಹೊಸದರಲ್ಲಿ ಕೋಳಿವಾಡ ಎಂಬ ಹೆಸರು ಕೇಳಿ, ಅಲ್ಲಿ ಕೋಳಿ ಸಾಕುತ್ತಾರೆ ಎಂದುಕೊಂಡಿದ್ದವನು ನಾನು. ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ, ಅದಕ್ಕೆ ಗಾಳಿ ಊದುವ ಸಣ್ಣ ಬ್ಯಾಟರಿ ಪಂಪು. ಜೆಟ್ಟಿಯ ಹತ್ತಿರ ಹೆಂಗಸರು ಸಾಲಾಗಿ ಕೂತಿದ್ದರು. ಏನು ಕೇಳಬೇಕೆಂದು ಗಾಡಿಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದರೂ ಬುಟ್ಟಿಗಳನ್ನು ನೋಡುತ್ತಾ ಎರಡು ಸಲ ಆಚೆ ಈಚೆ ನಡೆದೆ.

"ಕಾಯ ಪಾಹಿಜೆ, ಕಾಕಾ?" ಏನು ಬೇಕು ಎಂದು ಒಬ್ಬ ದಪ್ಪನೆಯ ಹೆಂಗಸೇ ಕರೆದಳು.

"ಕೋಳಂಬಿ," ಎಂದೆ. ಮರಾಠಿಯಲ್ಲಿ ಸಿಗಡಿಗೆ ಹಾಗೆನ್ನುತ್ತಾರೆ. "ಜಿವಂತ. ಅಗದೀ ಲಹಾನ."

ಜೀವಂತ, ತೀರ ಚಿಕ್ಕದು, ಅದೂ ಒಂದು ಮುಷ್ಟಿ ಮಾತ್ರ ಎಂದಾಗ ಅವಳು ಕೈಯಲ್ಲಿದ್ದ ಚೂರಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮನೆಯಲ್ಲಿ ಯಾರಿಗಾದರೂ ಔಷಧಿಗೆ ಬೇಕೇ ಎಂದು ಕೇಳಿದಳು. ಮೀನಿಗೆ ಎಂದೆ. "ಮಾಶಾಲಾ?" ಎಂದು ಪಕ್ಕದವಳಿಗೆ ಕೂಗಿ ಹೇಳಿದಳು. ಇಬ್ಬರೂ ಮನಸಾರೆ ನಕ್ಕರು. ನನಗೂ ನಗು ಬಂತು. ನಕ್ಕ ಮೇಲೆ ಸಂಕೋಚ ಹೋಯಿತು. ಬಲೆ ಹಾಕಿದ್ದು ಎಲ್ಲಿ ಎಂದು ಕೇಳಿದೆ. ಅವಳು ನಾಲೆ ಸೇರುವ ಕಡೆಗಲ್ಲ, ಆಚೆ ಅಗಲ ನೀರಿನ ಕಡೆಗೆ ಕೈ ತೋರಿಸಿದಳು. ದೋಣಿ ಬರುವ ಹೊತ್ತಿಗೆ ಬಂದರೆ ಜೀವ ಇರುವುದನ್ನು ಬೇರೆ ಎತ್ತಿಡುತ್ತೇನೆ, ಜೋರು ಮಳೆ ಬಂದ ಮರುದಿನ ಮಾತ್ರ ಬರಬೇಡಿ, ನೀರು ಕೆಟ್ಟಿರುತ್ತದೆ ಎಂದು ಹೇಳಿ, ಅವತ್ತು ಸಿಕ್ಕಷ್ಟನ್ನು ಡಬ್ಬಿಗೆ ಹಾಕಿಕೊಟ್ಟಳು.

ವಾಪಸು ಬರುವಾಗ ಗಾಡಿಯಲ್ಲಿ ನಮ್ಮ ಕನ್ನಡ ಸಂಘದ ಒಬ್ಬರು ಸಿಕ್ಕರು. ಧಾರವಾಡದ ಕಡೆಯವರು. ನನ್ನ ತೊಡೆಯ ಮೇಲಿನ ಡಬ್ಬಿ ಗುಳುಗುಳು ಎನ್ನುತ್ತಿತ್ತು.

"ಏನ್ರೀ, ಡಬ್ಯಾಗ ಏನೈತಿ? ಪಾಯಸಾ ಏನು?"

"ಬೀಗರ ಕಡೆಯದ್ದು," ಎಂದೆ.

"ಹಂಗಾರ ಕುಲುಕಬ್ಯಾಡ್ರಿ, ಚೆಲ್ಲೀತು," ಎಂದು ಅವರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಮನೆಯಲ್ಲಿ ಸಿಗಡಿಯನ್ನು ಜಾಲರಿಯಲ್ಲಿ ಸೋಸಿ, ಬಂದ ನೀರನ್ನು ಚೆಲ್ಲಿ, ಪೆಟ್ಟಿಗೆಯ ಉಪ್ಪುನೀರಿಗೆ ನಿಧಾನವಾಗಿ ಒಗ್ಗಿಸಿದೆ. ಆ ಜಾಲರಿ, ಆ ಮಗ್ಗು ಬಾಲ್ಕನಿ ದಾಟಿ ಒಳಗೆ ಬರುವಂತಿರಲಿಲ್ಲ. ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಬೆಳ್ಳಗೆ ಮಂಕಾದವನ್ನು ತೆಗೆಯುತ್ತಿದ್ದೆ. ಕೆನ್ನೆಯ ಒಂದು ಬದಿ ಬೊಕ್ಕೆಯಂತೆ ಉಬ್ಬಿದ್ದರೆ ಒಳಗೆ ಪರಾವಲಂಬಿ ಹುಳು ಇರುತ್ತದೆ ಎಂದು ಅಂಗಡಿಯವ ಹೇಳಿದ್ದ. ಅಂಥದ್ದು ಸಿಕ್ಕರೆ ಅದನ್ನೂ ತೆಗೆಯುತ್ತಿದ್ದೆ. ಉಳಿದವು ಪಾಚಿಯ ಪುಡಿ ತಿಂದು ಚುರುಕಾಗಿ ಈಜಾಡುತ್ತಿದ್ದವು. ಅವುಗಳ ಮೈ ಗಾಜಿನ ಹಾಗೆ. ತಿಂದದ್ದು ಒಂದು ಹಸಿರು ಗೆರೆಯಾಗಿ ಒಳಗೆ ಕಾಣುತ್ತಿತ್ತು.

ಇಷ್ಟರವರೆಗೆ ಸಲೀಸು. ಕಷ್ಟವಿದ್ದದ್ದು ಆಮೇಲಿನದ್ದರಲ್ಲಿ. ಸಂಜೆ ದೇವರಿಗೆ ದೀಪ ಹಚ್ಚಿ ಬಂದು, ನಾನೇ ತಿಂಡಿ ಹಾಕಿ ಸಾಕಿದ ಸಿಗಡಿಗಳಲ್ಲಿ ಒಂದೆರಡನ್ನು ಸಣ್ಣ ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಡಬೇಕು. ಮೊದಲ ದಿನ ಬಿಟ್ಟವನೇ ಮುಖ ತಿರುಗಿಸಿದೆ. ಆದರೆ ತಿಂದಿತೇ ಇಲ್ಲವೇ ಎಂದು ನೋಡದೆ ಹೋಗುವಂತಿರಲಿಲ್ಲ. ತಿನ್ನದೆ ಉಳಿದರೆ ಎತ್ತಿ ತೆಗೆಯಬೇಕು, ಹೆಚ್ಚು ಹಾಕಿದರೆ ಮೀನಿಗೇ ಕೇಡು. ಹಾಗಾಗಿ ನೋಡಿದೆ. ಅದು ಕ್ಷಣಮಾತ್ರದ ಕೆಲಸ. ಸಿಗಡಿ ಇತ್ತು, ಇಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ಸೊಸೆಗೆ ಅದು ಗೊತ್ತಾಯಿತು. "ಮಾವ, ನಿಮಗೆ ತ್ರಾಸ್ ಆಗ್ತದೆ. ನಾನು ಬಂದ ಮೇಲೆ ಹಾಕ್ತೇನೆ, ಲೇಟ್ ಆದ್ರೂ ಪರವಾಗಿಲ್ಲ."

"ತ್ರಾಸ್ ಆಗ್ತದೆ ಮಗಾ, ಇಲ್ಲ ಅಂತ ಹೇಳುವುದಿಲ್ಲ. ಆದರೆ ಅದು ನನ್ನ ಹಾಗೆ ಮೊಸರನ್ನ ತಿಂದು ಬದುಕ್ತದಾ? ಅದಕ್ಕೆ ದೇವರು ಕೊಟ್ಟ ಬಾಯಿ ಅದು."

ಅವಳು ನಕ್ಕಳು. ಆ ಮಾತು ನನ್ನ ಬಾಯಿಂದ ಹೊರಟ ಮೇಲೆಯೇ ನನಗೆ ಇನ್ನೊಂದು ಯೋಚನೆ ಬಂತು. "ನೀನು ಮೀನು ತಿನ್ನದೆ ಎಷ್ಟು ಸಮಯ ಆಯ್ತು?"

ಅವಳು ಬಲೆಯನ್ನು ಒರೆಸುತ್ತಾ ನಿಂತಳು. "ಪಪ್ಪಾ ಇರುವಾಗ ಡೊಂಬಿವಲಿಗೆ ಹೋದರೆ ಸಿಗ್ತಿತ್ತು. ಈಗ ಅಮ್ಮ ಮೀನು ಮುಟ್ಟುವುದೇ ಇಲ್ಲ. ಪಪ್ಪಾ ಹೋದ ಮೇಲೆ ಬಿಟ್ಟಿದ್ದಾರೆ. ಚಲ್ತಾ ಹೈ ಮಾವ, ಅಭ್ಯಾಸ ಆಗಿದೆ."

ಮದುವೆಯಾದ ದಿನದಿಂದ ನಮ್ಮ ಮನೆಯ ಅಡುಗೆಗೆ ಅವಳು ಹೊಂದಿಕೊಂಡದ್ದು ಎಲ್ಲರ ಬಾಯಲ್ಲಿ ಹೊಗಳಿಕೆಯಾಗಿತ್ತು. ಅಂಥ ಹುಡುಗಿ ತವರಿನಲ್ಲೂ ಬಾಯಿ ಕಟ್ಟಿಕೊಂಡದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ನಾನು ಕಲ್ಯಾಣಕ್ಕೆ ಫೋನು ಮಾಡಿ ಬೀಗಿತ್ತಿಯನ್ನು ಕರೆದೆ. ನಾಲ್ಕು ದಿನ ಬಂದಿರಿ, ಮಗಳಿಗೂ ಸಮಾಧಾನ, ಬೀಗರ ಮೀನನ್ನೂ ನೋಡಿದ ಹಾಗಾಗುತ್ತದೆ ಎಂದೆ. ಅವರು ಬರುವ ದಿನ ಕೋಳಿವಾಡದಿಂದ ಸಿಗಡಿಯ ಜೊತೆ ಬಂಗುಡೆಯನ್ನೂ ತಂದೆ. ಆರಿಸಲು ನನಗೆ ಬರುವುದಿಲ್ಲ. ಆ ಹೆಂಗಸೇ ಆರಿಸಿ, ಶುಚಿ ಮಾಡಿ ಕಟ್ಟಿಕೊಟ್ಟಳು. "ಹೇ ಪಣ ಮಾಶಾಲಾ?" ಇದೂ ಮೀನಿಗೇನಾ ಎಂದು ಕೇಳಿದಳು. ಅಲ್ಲ, ಸೊಸೆಗೆ ಎಂದೆ.

ಬೀಗಿತ್ತಿ ಪೊಟ್ಟಣ ನೋಡಿ ಗಾಬರಿಯಾದರು. "ಬೇಡ ಅಣ್ಣೇರೆ, ನಿಮ್ಮ ಮನೆಯಲ್ಲಿ ಇದೆಲ್ಲ ಬೇಡ."

"ಬಾಲ್ಕನಿಯಲ್ಲಿ ಇಂಡಕ್ಷನ್ ಇಟ್ಟಿದ್ದೇನೆ. ಹೊಸ ಪಾತ್ರೆ ಉಂಟು. ದೇವರ ಗೂಡಿನ ಬಾಗಿಲು ಹಾಕಿದ್ದೇನೆ. ನೀವು ಮಾಡಿದರೆ ಅವಳು ತಿಂತಾಳೆ, ನಾನು ಹೇಳಿದರೆ ತಿನ್ನುವುದಿಲ್ಲ."

ಅವರು ಪೊಟ್ಟಣ ಬಿಚ್ಚಿ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ಎದ್ದು ಮೆಣಸು ಹುರಿದರು. ಸೊಸೆ ಬಂದವಳು ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು, ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. ತಾಯಿ ಮಗಳು ಬಾಲ್ಕನಿಯಲ್ಲೇ ಚಾಪೆ ಹಾಕಿ ಊಟಕ್ಕೆ ಕೂತರು. ಬೀಗಿತ್ತಿ ತಮಗೆ ಬರೀ ಅನ್ನ ಸಾರು ಹಾಕಿಕೊಂಡಿದ್ದರು. ಮಗಳು ಮುಳ್ಳು ಬಿಡಿಸಿ ಒಂದು ತುಂಡನ್ನು ಅವರ ಬಾಯಿಯ ಹತ್ತಿರ ಹಿಡಿದಳು. ಹಿಡಿದ ಕೈಯನ್ನು ಇಳಿಸಲಿಲ್ಲ. ಕೊನೆಗೆ ಅವರು ಬಾಯಿ ತೆರೆದರು. ನಾನು ಮತ್ತು ಮಗ ಒಳಗೆ ಮೊಸರನ್ನ ಉಣ್ಣುತ್ತಿದ್ದೆವು. ವಾಸನೆ ಬಂತು, ನಿಜ. ಕಿಟಕಿ ತೆರೆದೆವು, ಅಷ್ಟೆ.

ಊಟವಾದ ಮೇಲೆ ಬೀಗಿತ್ತಿ ತೊಟ್ಟಿಯ ಮುಂದೆ ಕೂತರು. "ಈ ಮೀನಿಗೆ ಅವರು ಮಾಡಿದ ಚಾಕರಿ ನನಗೆ ಮಾಡ್ಲಿಲ್ಲ" ಎಂದು ನಗುತ್ತಾ ಕಣ್ಣೊರೆಸಿಕೊಂಡರು. ಸತ್ತದ್ದನ್ನು ಇದು ಯಾವತ್ತೂ ತಿಂದದ್ದಿಲ್ಲವೇ ಎಂದು ಕೇಳಿದೆ. "ತಿನ್ನುವುದಿಲ್ಲ ಅಂತ ಹೇಳ್ತಿದ್ರು. ಕೊಟ್ಟು ನೋಡಿದ್ರೋ ಇಲ್ಲವೋ, ಯಾರಿಗೆ ಗೊತ್ತು!"

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಓಡಾಡುವುದನ್ನು ಮಾತ್ರ ತಿನ್ನುವುದಾದರೆ ಸತ್ತದ್ದನ್ನೇ ಓಡಾಡಿಸಿದರಾಯಿತಲ್ಲ. ಬಾಲ್ಕನಿಯ ಪೆಟ್ಟಿಗೆಯಲ್ಲಿ ದಿನಗಳನ್ನು ಕಳೆದು ಪಾಸಾದ ಸಿಗಡಿಗಳಲ್ಲಿ ಕೆಲವನ್ನು ಫ್ರೀಜರಿನ ಬೇರೆ ಡಬ್ಬಿಯಲ್ಲಿಟ್ಟೆ. ಅಂಗಡಿಯಿಂದ ಉದ್ದದ ಪ್ಲಾಸ್ಟಿಕ್ ಕಡ್ಡಿ ತಂದೆ. ಕರಗಿಸಿದ ಸಿಗಡಿಯನ್ನು ಅದರ ತುದಿಗೆ ಸಿಕ್ಕಿಸಿ, ಸಿಂಹಮೀನಿನ ಮುಂದೆ ತಡೆತಡೆದು ಜಿಗಿಸುತ್ತಿದ್ದೆ. ಮೀನು ಹತ್ತಿರ ಬಂದು ನೋಡುತ್ತಿತ್ತು, ರೆಕ್ಕೆ ಮಡಚಿ ಹಿಂದೆ ಹೋಗುತ್ತಿತ್ತು. ಎರಡು ದಿನ ಹೀಗೆ ಮಾಡಿ ಸೋತು ಮೂರನೆಯ ದಿನ ಜೀವದ್ದನ್ನೇ ಬಿಡುತ್ತಿದ್ದೆ. ಉಪವಾಸ ಕೆಡವುವ ಹಟ ನನಗಿರಲಿಲ್ಲ. ವಾರಗಳು ಹೋದವು. ಮಗ ದೂರದಿಂದಲೇ ನೋಡುತ್ತಿದ್ದವನು ಒಂದು ದಿನ ಹತ್ತಿರ ಬಂದು, "ಅಪ್ಪ, ನೀವು ತುಂಬ ಜೋರಾಗಿ ಆಡಿಸ್ತೀರಿ. ನಿಜವಾದದ್ದು ಹಾಗೆ ಓಡುವುದಿಲ್ಲ. ನಿಲ್ತದೆ, ಆಮೇಲೆ ಹಿಂದಕ್ಕೆ ಹಾರ್ತದೆ" ಎಂದು ಕಡ್ಡಿಯನ್ನು ತನ್ನ ಕೈಗೆ ತೆಗೆದುಕೊಂಡ.

ಅವನ ಕೈಯಿಂದಲೇ ಅದು ಮೊದಲು ತಿಂದಿತು. ಸೊಸೆ ಆಗತಾನೇ ಠಾಣೆಯಿಂದ ಬಂದು ಬಾಗಿಲು ತೆರೆದಿದ್ದಳು. ಮೀನು ಕಡ್ಡಿಯ ತುದಿಯವರೆಗೆ ಬಂದು ನಿಂತಿತು, ಸ್ವಲ್ಪ ಓರೆಯಾಯಿತು, ಫಟ್ಟನೆ ಎಳೆದುಕೊಂಡಿತು. ಮಗ ಖಾಲಿ ಕಡ್ಡಿಯನ್ನು ಎತ್ತಿ ನಮಗೆ ತೋರಿಸಿದ.

"ಪಪ್ಪಾನ ಮಾತು ಸುಳ್ಳು ಮಾಡಿತಲ್ಲ ಇದು!" ಎಂದಳು ಸೊಸೆ. ಗಂಡನ ಭುಜಕ್ಕೆ ಒಂದು ಗುದ್ದು ಕೊಟ್ಟು ಅಲ್ಲೇ ತಲೆಯೊರಗಿಸಿದಳು.

ಈಗಲೂ ಒಮ್ಮೊಮ್ಮೆ ಅದು ಮುನಿಸಿಕೊಂಡು ಕಡ್ಡಿಯ ಸಿಗಡಿಯನ್ನು ಬೇಡವೆನ್ನುತ್ತದೆ. ಆಗ ನಾನು ಡಬ್ಬಿ ಪಂಪು ಹಿಡಿದು ಬೇಲಾಪುರದ ಗಾಡಿ ಹತ್ತುತ್ತೇನೆ. ಉಳಿದ ದಿನಗಳಲ್ಲಿ ಫ್ರೀಜರಿನದ್ದೇ ನಡೆಯುತ್ತದೆ. ತೊಟ್ಟಿಯ ನೀರು ಬದಲಾಯಿಸುವುದು ಮಗನ ಕೆಲಸ. ಹಿಂದಿನ ದಿನವೇ ಉಪ್ಪು ಕಲಸಿಟ್ಟು, ಅಳತೆ ನೋಡಿ, ತಪ್ಪಿದರೆ ಇನ್ನೊಮ್ಮೆ ಕಲಸುತ್ತಾನೆ. ಅವನು ಬಕೆಟ್ ತಂದಿಟ್ಟರೆ ಸಾಕು, ಸಿಂಹಮೀನು ಊಟ ಬಂತೆಂದು ಗಾಜಿನ ಹತ್ತಿರ ಬಂದು ನಿಲ್ಲುತ್ತದೆ. "ಇವತ್ತು ಊಟ ಇಲ್ಲ, ಸ್ನಾನ" ಎಂದು ಸೊಸೆ ಅದಕ್ಕೆ ತುಳುವಿನಲ್ಲಿ ಹೇಳುತ್ತಾಳೆ.